ಏದುಸಿರಿನ ಆತ್ಮೋದ್ಧಾರ

ಆತ್ಮೋದ್ಧಾರದ ಪುಸ್ತಕ ಬರೆಯುವವರೆಲ್ಲ ಓದುಗ ಮಹಾಶಯ ಕುರ್ಚಿಯಲ್ಲಿ ಕೂತಿದ್ದಾನೆ ಎಂದೇ ನಂಬಿರುತ್ತಾರೆ. ಹಾಗಾಗಿ ನಡುನಡುವೆ ಅಪ್ಪಣೆ ಹೊರಡುತ್ತದೆ: ಇಲ್ಲಿ ನಿಲ್ಲಿ, ಯೋಚಿಸಿ, ಹಾಳೆ ತೆಗೆದುಕೊಂಡು ನಿಮ್ಮ ಗುರಿಗಳನ್ನು ಬರೆಯಿರಿ. ಬೆಳಗಿನ ಆರು ಗಂಟೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಪುಸ್ತಕ ಕೇಳುತ್ತಾ, ಏದುಸಿರು ಬಿಡುತ್ತಾ ಓಡುವವನು ಹಾಳೆಯನ್ನು ಎಲ್ಲಿಂದ ತರಬೇಕು? ನಿಂತರೆ ಕೈಗಡಿಯಾರ ಗುರ್ರೆನ್ನುತ್ತದೆ.

ಇದೇ ಕೆರೆಯ ದಂಡೆಯಲ್ಲಿ ತಿರುಗಾಡಿ ಕುವೆಂಪು ಕವಿತೆ ಬರೆದರು. ನಾನು ಕಿವಿಗೆ ಬಿರಡೆ ಹಾಕಿಕೊಂಡು ಜೇಮ್ಸ್ ಕ್ಲಿಯರ್ ಕೇಳುತ್ತೇನೆ. ಅವರ ‘ಅಟಾಮಿಕ್ ಹ್ಯಾಬಿಟ್ಸ್’ 2018ರಲ್ಲಿ ಬಂದದ್ದು. ಧ್ವನಿರೂಪದಲ್ಲಿ ಐದೂವರೆ ಗಂಟೆ, ಓದಿದವರೂ ಅವರೇ. ದಿನಕ್ಕೆ ಶೇಕಡಾ 1ರಷ್ಟು ಸುಧಾರಿಸಿದರೆ ವರ್ಷದ ಕೊನೆಗೆ ಸುಮಾರು 37 ಪಟ್ಟು ಉತ್ತಮವಾಗುತ್ತೀರಿ ಎನ್ನುತ್ತಾರೆ. ಚಕ್ರಬಡ್ಡಿಯ ಲೆಕ್ಕ, ತಪ್ಪಿಲ್ಲ. ಓಡುತ್ತಲೇ ನಾನೂ ಗುಣಿಸಿದೆ. ನನ್ನ ವೇಗ ಗಂಟೆಗೆ 7 ಕಿಲೋಮೀಟರ್. ಮುಂದಿನ ವರ್ಷ ಇಷ್ಟು ಹೊತ್ತಿಗೆ 259! 160 ದಾಟದ ವಂದೇ ಭಾರತ್ ರೈಲನ್ನು ಹಿಂದೆ ಹಾಕಿ ಅರ್ಧ ಗಂಟೆಯಲ್ಲಿ ಬೆಂಗಳೂರು ಸೇರಿ, ಅಲ್ಲೇ ತಿಂಡಿ ಮುಗಿಸಿ ಬರಬಹುದು. ಮಂಡಿ ಮಾತ್ರ ಈ ಪುಸ್ತಕ ಕೇಳಿಸಿಕೊಂಡ ಹಾಗಿಲ್ಲ.

ಅದೇ ಪುಸ್ತಕದಲ್ಲಿ ಎರಡು ನಿಮಿಷದ ನಿಯಮವೆಂಬುದೊಂದಿದೆ. ಓಡುವ ಅಭ್ಯಾಸ ಬೇಕೆಂದರೆ ಮೊದಲು ಬೂಟಿನ ದಾರ ಕಟ್ಟಿಕೊಳ್ಳಿ, ಅಷ್ಟು ಸಾಕು ಎಂಬ ಅರ್ಥದ್ದು. ಬಹಳ ಹಿಡಿಸಿತು. ಮಳೆಗಾಲದಲ್ಲಿ ಎಷ್ಟೋ ಬೆಳಗ್ಗೆ ಈ ನಿಯಮವನ್ನು ಅಕ್ಷರಶಃ ಪಾಲಿಸಿ, ದಾರ ಕಟ್ಟಿ, ಬಿಚ್ಚಿ, ಮತ್ತೆ ಮಲಗಿದ್ದೇನೆ.

ಡೇಲ್ ಕಾರ್ನೆಗಿಯದು ಬೇರೆ ತರಹದ ಫಜೀತಿ. 1936ರಿಂದಲೂ ಜಗತ್ತಿಗೆ ಸ್ನೇಹ ಕಲಿಸುತ್ತಿರುವ ಪುಸ್ತಕ: ನಗುಮುಖ ಇರಲಿ, ಹೆಸರು ನೆನಪಿಡಿ, ಎದುರಿನವರ ಮಾತನ್ನು ಮನಸ್ಸಿಟ್ಟು ಕೇಳಿ. ಮನಸ್ಸಿಟ್ಟು ಕೇಳುವ ಅಧ್ಯಾಯದಲ್ಲಿ ಮುಳುಗಿದ್ದಾಗಲೇ ನಿವೃತ್ತ ಮೇಷ್ಟ್ರೊಬ್ಬರು ಎದುರು ಬಂದು ಏನೋ ಅಂದರು. ತುಟಿ ಅಲ್ಲಾಡಿದ್ದು ಕಂಡಿತು, ಮಾತು ಕೇಳಲಿಲ್ಲ. ಪುಸ್ತಕದ ಮಾತಿನಂತೆ ನಕ್ಕೆ. ಐದನೇ ಕಿಲೋಮೀಟರಿನಲ್ಲಿ ನಗುವುದಕ್ಕೂ ಹಲ್ಲು ಕಿರಿಯುವುದಕ್ಕೂ ವ್ಯತ್ಯಾಸ ಕಡಿಮೆ. ಅವರು ಈಗ ಕೆರೆಯನ್ನು ಎಡದಿಂದ ಸುತ್ತದೆ ಬಲದಿಂದ ಸುತ್ತುತ್ತಾರೆ.

ಕೇಳಿ ತಿಳಿಯುವುದು ನಮಗೇನೂ ಹೊಸದಲ್ಲ. ಕುಮಾರವ್ಯಾಸನನ್ನು ಕನ್ನಡನಾಡು ಬಹುಪಾಲು ಕಿವಿಯಿಂದಲೇ ಬಲ್ಲದು. ಶಿವಮೊಗ್ಗ ಬಳಿಯ ಹೊಸಹಳ್ಳಿಯಲ್ಲಿ ಗಮಕ ಇನ್ನೂ ಮನೆಮಾತು; ಅಲ್ಲಿನ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಆದರೆ ಗಮಕಿ ಪದ್ಯ ವಾಚಿಸಿದ ಮೇಲೆ ವ್ಯಾಖ್ಯಾನಕಾರರು ಅದೊಂದೇ ಪದ್ಯವನ್ನು ಹಿಡಿದು ಕೂರುತ್ತಾರೆ. ‘ಸ್ವಾಮೀ, ಸ್ವಲ್ಪ ಒಂದೂವರೆ ಪಟ್ಟು ವೇಗದಲ್ಲಿ ಸಾಗಲಿ’ ಎಂದು ಸಭೆಯಲ್ಲಿ ಯಾರೂ ಎದ್ದು ನಿಂತ ಉದಾಹರಣೆ ಇರಲಾರದು. ನಾನೋ, ತಾಳ್ಮೆಯ ಮಹತ್ವದ ಅಧ್ಯಾಯವನ್ನೇ ಆ ವೇಗದಲ್ಲಿ ಮುಗಿಸಿದವನು. ಎಕ್‌ಹಾರ್ಟ್ ಟೋಲ್ ಈ ಕ್ಷಣದಲ್ಲಿ ಇರು ಎನ್ನುವಾಗ ನನ್ನ ಕಣ್ಣು ಇನ್ನೆಷ್ಟು ಮೀಟರ್ ಉಳಿದಿದೆ ಎಂದು ಮಣಿಕಟ್ಟು ನೋಡುತ್ತಿರುತ್ತದೆ. ಆ ಕ್ಷಣದಲ್ಲಿ ಕೆರೆಯ ಮೇಲೆ ಹೆಜ್ಜಾರ್ಲೆ ಇಳಿದಿತ್ತಂತೆ. ಹಿಂದೆ ಬರುತ್ತಿದ್ದವರು ಆಮೇಲೆ ಹೇಳಿದರು.

ರಾಬಿನ್ ಶರ್ಮಾ ಬೆಳಗಿನ ಐದಕ್ಕೆ ಎಬ್ಬಿಸಿ ಒಂದು ಗಂಟೆಯನ್ನು ಮೂರು ಪಾಲು ಮಾಡುತ್ತಾರೆ: 20 ನಿಮಿಷ ವ್ಯಾಯಾಮ, 20 ನಿಮಿಷ ಚಿಂತನೆ, 20 ನಿಮಿಷ ಕಲಿಕೆ. ಓಡುತ್ತಾ ಕೇಳುವವರು ಮೊದಲನೆಯದನ್ನೂ ಕೊನೆಯದನ್ನೂ ಒಂದರೊಳಗೊಂದು ತುರುಕಿ 20 ನಿಮಿಷ ಉಳಿಸುತ್ತೇವೆ. ಜಾಣತನವೇ. ನಡುವಿನ ಪಾಲು ಮಾತ್ರ ಎಲ್ಲಿಗೆ ಹೋಯಿತೋ ಗೊತ್ತಾಗುವುದಿಲ್ಲ. ಶ್ರವಣವಾದ ಮೇಲೆ ಮನನ ಎಂದು ನಮ್ಮ ಹಿರಿಯರು ಹೇಳಿದ್ದರಲ್ಲ, ಆ ಮನನಕ್ಕೆ ಕೂರುವ ಹೊತ್ತಿಗೆ ಮನೆಯಲ್ಲಿ ಹಾಲು ಉಕ್ಕಿರುತ್ತದೆ.

ಇಷ್ಟಾದರೂ ತೂಕ ಇಳಿದಿದೆ, ರಕ್ತದೊತ್ತಡ ಹತೋಟಿಗೆ ಬಂದಿದೆ. ಶ್ರೇಯಸ್ಸು ಪುಸ್ತಕಗಳದ್ದೆಂದು ನಾನೆನ್ನುತ್ತೇನೆ, ಓಟದ್ದೆಂದು ಡಾಕ್ಟರು. ನೀವೂ ಕೇಳುತ್ತಾ ಓಡುವವರಾದರೆ ಒಂದು ಕಿವಿಯನ್ನಾದರೂ ಖಾಲಿ ಬಿಟ್ಟಿರಿ. ಬೀದಿನಾಯಿಗಳು ಹಿಂದಿನಿಂದ ಬರುತ್ತವೆ, ಅವು ಯಾವ ಅಧ್ಯಾಯ ಮುಗಿಯುವವರೆಗೂ ಕಾಯುವುದಿಲ್ಲ.