ಮಳೆಗಾಲದಲ್ಲೊಂದು ಆಟ

ಬಾಲಿಗೆ ಹೋಗಿ ಬಂದವರ ಮೊಬೈಲಿನಲ್ಲಿ ಒಂದು ಉಯ್ಯಾಲೆ ಇದ್ದೇ ಇರುತ್ತದೆ. ಕೆಳಗೆ ಕಣಿವೆ, ಕಣಿವೆಯ ತುಂಬ ತೆಂಗು, ಗಾಳಿಯಲ್ಲಿ ಬಾಡಿಗೆಗೆ ತಂದ ಉದ್ದ ಬಾಲದ ಕೆಂಪು ಗೌನು, ಗೌನಿನೊಳಗೆ ನಮ್ಮ ಪಕ್ಕದ ಮನೆಯವರು. ಉಯ್ಯಾಲೆಗೆ ಒಂದು ದುಡ್ಡು, ಗೌನಿಗೆ ಇನ್ನೊಂದು. ಇದರ ಮೇಲೆ ನನಗೇನೂ ತಕರಾರಿಲ್ಲ. ಉಯ್ಯಾಲೆ ಯಾರಿಗೆ ಬೇಡ? ಆದರೆ 5,800 ಚದರ ಕಿಲೋಮೀಟರಿನಷ್ಟೂ ಇಲ್ಲದ ಆ ದ್ವೀಪದಲ್ಲಿ ಸಂಜೆಯಾದರೆ ಎಲ್ಲಾದರೂ ಒಂದು ಕಡೆ ಗೆಜ್ಜೆ ಸದ್ದು ಕೇಳುತ್ತಿರುತ್ತದೆ ಎಂಬುದನ್ನು ಪ್ಯಾಕೇಜಿನವರು ಕೊಡುವ ಹಾಳೆಯಲ್ಲಿ ಸಣ್ಣ ಅಕ್ಷರದಲ್ಲಿ ಹಾಕಿರುತ್ತಾರೆ: ‘ಸಂಜೆ ಸಾಂಸ್ಕೃತಿಕ ಕಾರ್ಯಕ್ರಮ, ಐಚ್ಛಿಕ’.

ನಾವು ಹೋದದ್ದು ಆ ಐಚ್ಛಿಕಕ್ಕೇ. ಕಾರಣ ನನ್ನ ಭಾವ. ಅವರು ಕರಾವಳಿಯವರು, ಆಟದ ಹುಚ್ಚಿನವರು. ಅಲ್ಲಿ ಆಟ ಎಂದರೆ ಯಕ್ಷಗಾನ, ಬೇರೆ ಆಟಗಳಿಗೆ ಬೇರೆ ಹೆಸರಿದೆ. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಭಾವನ ಮುಖ ಕಪ್ಪಿಡುತ್ತದೆ. ಹೊರಗೆ ಮಳೆ, ಒಳಗೆ ಅಕ್ಕ, ನೋಡಲು ಆಟವಿಲ್ಲ. ಬಾಲಿ ಇರುವುದು ಭೂಮಧ್ಯರೇಖೆಯ ಆಚೆ. ನಮ್ಮಲ್ಲಿ ಮಳೆ ಹಿಡಿದು ಹೊಡೆಯುವಾಗ ಅಲ್ಲಿ ಬಿಸಿಲು. ಜೂನ್ ಮಧ್ಯದಿಂದ ಜುಲೈ ಮಧ್ಯದವರೆಗೆ ರಾಜಧಾನಿ ದೆನ್‌ಪಸಾರ್‌ನಲ್ಲಿ ದೊಡ್ಡ ಕಲೋತ್ಸವವೂ ಇರುತ್ತದೆ. ಇದನ್ನು ಹೇಳಿದ್ದೇ ಭಾವ ಪಾಸ್‌ಪೋರ್ಟ್ ಹುಡುಕತೊಡಗಿದರು.

ಮೊದಲ ಸಂಜೆ ಉಲುವಾತು. ಕಡಲಿನಿಂದ ಸುಮಾರು 70 ಮೀಟರ್ ಎತ್ತರದ ಬಂಡೆಯ ತುದಿಯಲ್ಲಿ ದೇವಸ್ಥಾನ, ಪಕ್ಕದಲ್ಲಿ ಬಯಲು ರಂಗ. ಟಿಕೆಟ್ಟಿಗೆ ತಲಾ ಒಂದೂವರೆ ಲಕ್ಷ ಎಂದಾಗ ಭಾವ ಎದೆ ಹಿಡಿದುಕೊಂಡರು. ಅದು ರುಪಿಯಾ, ನಮ್ಮ ಲೆಕ್ಕದಲ್ಲಿ ಸಾವಿರಕ್ಕೂ ಒಳಗೆ ಎಂದು ತಿಳಿದ ಮೇಲೆ ಉಸಿರು ಬಂತು. ಅಲ್ಲಿಯ ಮಂಗಗಳದ್ದೇ ಒಂದು ಪ್ರಸಂಗ. ಕನ್ನಡಕ, ಟೊಪ್ಪಿ, ಮೊಬೈಲು ಕಿತ್ತುಕೊಂಡು ಹೋಗುತ್ತವೆ, ಹಣ್ಣು ಕೊಟ್ಟರೆ ವಾಪಸು ಕೊಡುತ್ತವೆ. ಅನುಭವಸ್ಥ ಮಂಗಗಳು ಯಾವುದಕ್ಕೆ ಹೆಚ್ಚು ಬೆಲೆ ಎಂದು ತಿಳಿದೇ ಕದಿಯುತ್ತವೆಂದು ಸಂಶೋಧಕರು 2021ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದ್ದಾರೆ. ಭಾವ ಕನ್ನಡಕವನ್ನು ಜೇಬಿಗಿಳಿಸಿ, ಆಟದ ಮೊದಲ ಹತ್ತು ನಿಮಿಷವನ್ನು ಮಂಜುಮಂಜಾಗಿಯೇ ನೋಡಿದರು.

ಆಟ ಎಂದರೆ ಕೆಚಾಕ್. ಬರಿಮೈ ಗಂಡಸರು, ಸೊಂಟಕ್ಕೆ ಕಪ್ಪು-ಬಿಳಿ ಚೌಕುಳಿ ಬಟ್ಟೆ, ಸುತ್ತಿನೊಳಗೆ ಸುತ್ತಾಗಿ ನೆಲದ ಮೇಲೆ ಕೂತಿದ್ದಾರೆ. ವಾದ್ಯ ಒಂದೂ ಇಲ್ಲ. ‘ಚಕ್ ಚಕ್ ಚಕ್’ ಎಂದು ಬಾಯಲ್ಲೇ ಎಲ್ಲ. ಒಬ್ಬರ ‘ಚಕ್’ ಬಿಟ್ಟ ಸಂದಿಯಲ್ಲಿ ಇನ್ನೊಬ್ಬರ ‘ಚಕ್’ ಬೀಳುತ್ತದೆ, ನಡುವೆ ರಾಮ, ಸೀತೆ, ಹೊನ್ನ ಜಿಂಕೆ.

“ಎಂಥ ಮಾರಾಯ, ಚೆಂಡೆ-ಮದ್ದಳೆ ಎಂಥದ್ದೂ ಇಲ್ಲವಲ್ಲ!” ಎಂದರು ಭಾವ.

ಸ್ವಲ್ಪ ಹೊತ್ತಿಗೆ ನೋಡಿದರೆ ಅವರ ಕಾಲಬೆರಳು ತಾಳ ಹಾಕುತ್ತಿತ್ತು. ಹನುಮಂತ ಬೆಂಕಿ ಹತ್ತಿದ ತೆಂಗಿನ ಸಿಪ್ಪೆಗಳನ್ನು ಒದ್ದು ಚೆಲ್ಲಾಡಿದಾಗ ಕನ್ನಡಕ ಜೇಬಿನಿಂದ ಹೊರಗೇ ಬಂತು. ಮಂಗನ ಭಯ ಮಂಗನಿಂದಲೇ ಹೋಯಿತು.

ಮರುದಿನ ನಾನು ಒಂದು ಸಣ್ಣ ಕಿಡಿಗೇಡಿತನ ಮಾಡಿದೆ. ಈ ಕೆಚಾಕ್ ಇಂದಿನ ರೂಪಕ್ಕೆ ಬಂದದ್ದು 1930ರ ದಶಕದಲ್ಲಿ. ಮೈಮೇಲೆ ಬರಿಸುವ ಸಂಘ್ಯಾಂಗ್ ಎಂಬ ಆಚರಣೆಯ ಮೇಳಗಾಯನವನ್ನು ಎತ್ತಿಕೊಂಡು ರಾಮಾಯಣಕ್ಕೆ ಜೋಡಿಸಿದವರಲ್ಲಿ ವಾಯಾನ್ ಲಿಂಬಾಕ್ ಎಂಬ ನರ್ತಕನ ಜೊತೆಗೆ ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಚಿತ್ರಕಾರನೂ ಇದ್ದ ಎಂದು ಹೇಳಿದೆ. ಭಾವನಿಗೆ ಮೋಸ ಹೋದಂತಾಯಿತು. ಶಿವರಾಮ ಕಾರಂತರು ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೋಫೋನು ತಂದದ್ದನ್ನೇ ಅವರು ಇನ್ನೂ ಕ್ಷಮಿಸಿಲ್ಲ. “ಹಾಗಾದರೆ ನಿನ್ನೆ ನಾವು ನೋಡಿದ್ದು ಸಂಪ್ರದಾಯವಾ, ಪ್ರಯೋಗವಾ?” ಎಂದು ಕೇಳಿದರು. ತೊಂಬತ್ತು ವರ್ಷ ದಾಟಿದ ಪ್ರಯೋಗವನ್ನು ಏನೆಂದು ಕರೆಯುವುದು, ನನಗೂ ಹೊಳೆಯಲಿಲ್ಲ. ನಮ್ಮ ಕಾರು ಓಡಿಸುತ್ತಿದ್ದವನಿಗೆ ಈ ಚಿಂತೆಯೇ ಇರಲಿಲ್ಲ. ಅವನು ಹಗಲು ಡ್ರೈವರು, ವಾರಕ್ಕೆರಡು ರಾತ್ರಿ ತನ್ನೂರಿನ ತಂಡದಲ್ಲಿ ‘ಚಕ್’ ಎನ್ನುವವನು. ಟಿಕೆಟ್ಟಿನ ದುಡ್ಡಿನಲ್ಲಿ ಒಂದು ಪಾಲು ಊರಿಗೆ ಸೇರುತ್ತದೆ, ದೇವಸ್ಥಾನದ ಮಾಡು ರಿಪೇರಿಯಾಗುತ್ತದೆ ಎಂದ. ಅವನ ಹೆಸರು ಹೇಳಿ ಪ್ರಯೋಜನವಿಲ್ಲ. ಅಲ್ಲಿ ಸಾಮಾನ್ಯವಾಗಿ ಮೊದಲ ಮಗು ವಾಯಾನ್, ಎರಡನೆಯದು ಮಾದೆ, ಮೂರನೆಯದು ನ್ಯೋಮನ್, ನಾಲ್ಕನೆಯದು ಕೆತುತ್. ಐದನೆಯದು ಹುಟ್ಟಿದರೆ ಮತ್ತೆ ವಾಯಾನ್. ಪೇಟೆಯಲ್ಲಿ ಒಂದು ಹೆಸರು ಕೂಗಿದರೆ ಅರ್ಧ ಬೀದಿ ತಿರುಗಿ ನೋಡುತ್ತದೆ.

ಯಾವುದನ್ನು ಪ್ರವಾಸಿಗರಿಗೆ ತೋರಿಸಬಹುದು, ಯಾವುದನ್ನು ಕೂಡದು ಎಂಬ ತಲೆಬಿಸಿ ಬಾಲಿಯವರಿಗೂ ಬಂದಿತ್ತು. 1971ರಲ್ಲಿ ಪಂಡಿತರು, ಕಲಾವಿದರು, ಅಧಿಕಾರಿಗಳು ಸೇರಿ ವಿಚಾರ ಸಂಕಿರಣ ನಡೆಸಿ ಕುಣಿತಗಳನ್ನು ಮೂರು ಪಂಗಡ ಮಾಡಿದರು: ದೇವಸ್ಥಾನದ ಒಳ ಅಂಗಳದ್ದು, ನಡು ಅಂಗಳದ್ದು, ಹೊರಗಿನದು. ಒಳಗಿನದು ಪೂಜೆಯ ಭಾಗ, ಮಾರಾಟಕ್ಕಿಲ್ಲ. ಹೊರಗಿನದನ್ನು ಯಾರು ಬೇಕಾದರೂ ನೋಡಬಹುದು. ಗೆರೆ ಎಲ್ಲ ಕಾಲಕ್ಕೂ ಎಳೆದಲ್ಲೇ ನಿಲ್ಲಲಿಲ್ಲ, ಅದು ಬೇರೆ ಮಾತು; ಆದರೆ ಎಳೆದದ್ದು ಒಳ್ಳೆಯದಾಯಿತು. ‘ಕಾಂತಾರ’ ಬಂದ ಮೇಲೆ ನಮ್ಮಲ್ಲಿ ಕಂಡಕಂಡ ವೇದಿಕೆಯಲ್ಲಿ ದೈವದ ವೇಷ ಕುಣಿದು, ಆಮೇಲೆ ಅದರ ಮೇಲೆ ಜಗಳವೂ ಆಗುವುದನ್ನು ಕಂಡಾಗ ಅಂಥದೊಂದು ಸಭೆ ಇಲ್ಲಿಯೂ ಹೊತ್ತಿಗೆ ಮುಂಚೆ ಸೇರಬೇಕಿತ್ತು ಅನಿಸುತ್ತದೆ.

ಒಳಗಿನದನ್ನು ನೋಡಲು ಅವಕಾಶ ಸಿಕ್ಕಿದ್ದು ಡ್ರೈವರನಿಂದ. ಬಾಲಿಯಲ್ಲಿ ಸಾವಿರಾರು ದೇವಸ್ಥಾನಗಳಿವೆ, ಹೆಚ್ಚಿನವಕ್ಕೆ 210 ದಿನಕ್ಕೊಮ್ಮೆ ಉತ್ಸವ. ಎಂದು ಹೋದರೂ ಯಾವುದೋ ಊರಲ್ಲಿ ಯಾವುದೋ ದೇವರ ಹಬ್ಬ. ಸೊಂಟಕ್ಕೊಂದು ಬಟ್ಟೆ ಕಟ್ಟದೆ ಒಳಗೆ ಬಿಡುವುದಿಲ್ಲ. ಚಡ್ಡಿಯವರಿಗೆಲ್ಲ ಬಾಗಿಲಲ್ಲಿ ಸರೋಂಗ್ ಸುತ್ತುತ್ತಿದ್ದರು. ಪಂಚೆಯುಟ್ಟ ಭಾವನನ್ನು ಕಂಡು ಒಂದು ಹಳದಿ ದಾರದಂಥ ಶಾಲು ಬಿಗಿದು ನಮಸ್ಕಾರವನ್ನೂ ಮಾಡಿದರು. ಅಂದಿನಿಂದ ಊರಿಗೆ ಮರಳುವ ತನಕ ಅವರು ಪ್ಯಾಂಟು ಹಾಕಲಿಲ್ಲ.

ಒಳಗೆ ಒಂದೇ ಹೊತ್ತಿಗೆ ಎಲ್ಲವೂ. ಪುರೋಹಿತರ ಮಂತ್ರ, ಗಂಟೆ, ಒಂದು ಮೂಲೆಯಲ್ಲಿ ಗಾಮೆಲಾನ್ ವಾದ್ಯಮೇಳ, ಇನ್ನೊಂದು ಕಡೆ ಮುಖವಾಡದ ಕುಣಿತ. ಯಾರೂ ಯಾರಿಗೂ ಕಾಯುವುದಿಲ್ಲ. ನಡುವೆ ಒಬ್ಬ ಹಾಡುಹಗಲಲ್ಲಿ ತೊಗಲುಗೊಂಬೆ ಆಡಿಸುತ್ತಿದ್ದ. ಪರದೆ ಇಲ್ಲ, ದೀಪ ಇಲ್ಲ, ಆದ್ದರಿಂದ ನೆರಳೂ ಇಲ್ಲ. ಮಲೆನಾಡಿನಲ್ಲಿ ಮೆಣಸಿನ ಬಳ್ಳಿ ಹಬ್ಬಿಸುವ ಹಾಲುವಾಣದ ಜಾತಿಯದೇ ಎರಡು ಕೊಂಬೆ ನೆಟ್ಟು, ನಡುವೆ ಒಂದು ಹತ್ತಿ ನೂಲು ಕಟ್ಟಿದ್ದರು, ಅದೇ ಪರದೆ. ವಾಯಾಂಗ್ ಲೆಮಾಹ್ ಎಂದು ಹೆಸರು. ಮನುಷ್ಯರು ಒಬ್ಬರೂ ನೋಡುತ್ತಿರಲಿಲ್ಲ. ಒಂದು ಮಗು ನೋಡುತ್ತಿತ್ತು, ಅದರ ಕಣ್ಣೂ ಪಕ್ಕದವನ ಕೈಯ ಐಸ್‌ಕ್ರೀಮಿನ ಮೇಲಿತ್ತು. ಆಡಿಸುವವನಿಗೆ ಅದರ ಪರಿವೆಯೇ ಇಲ್ಲ, ದೇವರಿಗೆಂದು ಆಡಿಸುತ್ತಿದ್ದ.

ನನಗಾದರೆ ವಿಚಿತ್ರವೆನಿಸಿತು, ಭಾವನಿಗೆ ಅನಿಸಲಿಲ್ಲ. ಕಟೀಲಿನ ಹರಕೆಯಾಟ ಅವರಿಗೆ ಗೊತ್ತು. ಒಂದು ಹರಕೆ ತೀರಿಸಲು ವರ್ಷಗಟ್ಟಲೆ ಸರದಿ ಕಾಯುತ್ತಾರೆ. ಆಟ ಇಡೀ ರಾತ್ರಿ ನಡೆಯುತ್ತಿದ್ದ ಕಾಲದಲ್ಲಿ ಬೆಳಗಿನ ಜಾವ ಮೂರಕ್ಕೆ ಆಡಿಸಿದವರೇ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದರು, ಮಹಿಷಾಸುರ ಮಾತ್ರ ಒಂದು ಬೊಬ್ಬೆಯನ್ನೂ ಕಡಿಮೆ ಮಾಡುತ್ತಿರಲಿಲ್ಲ. “ನೋಡುವವಳು ದೇವಿ. ನಾವು ಸುಮ್ಮನೆ ಹಿಂದಿನ ಸಾಲಿನವರು” ಎಂದರು. ಬಾಲಿಯ ಕಲೆಯ ಬಗ್ಗೆ ಇದಕ್ಕಿಂತ ಸರಿಯಾದ ಮಾತನ್ನು ನಾನು ಯಾವ ಮಾರ್ಗದರ್ಶಿ ಪುಸ್ತಕದಲ್ಲೂ ಓದಿಲ್ಲ. ಹಿಂದಿನ ಸಾಲಿಗೆ ಒಂದು ಸುಖವೂ ಇದೆ: ಚಪ್ಪಾಳೆ ತಟ್ಟುವ ಕೆಲಸವಿಲ್ಲ.

ರಾತ್ರಿಯ ಗೊಂಬೆಯಾಟ ಬೇರೆ ರುಚಿ. ಅದಕ್ಕೆ ಪರದೆ ಉಂಟು, ಹಿಂದೆ ತೆಂಗಿನೆಣ್ಣೆಯ ದೀಪ ಉಂಟು. ಆಡಿಸುವ ದಾಲಾಂಗ್ ಎರಡೂ ಕೈಯಲ್ಲಿ ಗೊಂಬೆ ಹಿಡಿದು, ಕಾಲಬೆರಳ ಸಂದಿಯಲ್ಲಿ ಮರದ ಕೊಡತಿ ಸಿಕ್ಕಿಸಿ ಪೆಟ್ಟಿಗೆಗೆ ಬಡಿಯುತ್ತಾ ವಾದ್ಯದವರಿಗೆ ಸನ್ನೆ ಕೊಡುತ್ತಾನೆ. ಎಲ್ಲರ ಮಾತೂ ಅವನದೇ. ಅರ್ಜುನ, ಭೀಮರು ಕವಿ ಎಂಬ ಹಳೆಯ ಜಾವಾ ಭಾಷೆಯಲ್ಲಿ ಗಂಭೀರವಾಗಿ ನುಡಿಯುತ್ತಾರೆ, ಕೂತವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಅದು ತಿಳಿಯದು. ಆಗ ತ್ವಾಲೆನ್ ಎಂಬ ದಪ್ಪ ಹೊಟ್ಟೆಯ ಕರಿ ವಿದೂಷಕ ಬಂದು ಅದನ್ನೇ ಮನೆಮಾತಿನಲ್ಲಿ ಹೇಳಿ, ತನ್ನ ಎರಡು ಮಾತು ಸೇರಿಸಿ ನಗಿಸುತ್ತಾನೆ. ನಮ್ಮ ತೊಗಲುಗೊಂಬೆಯ ಕಿಳ್ಳೇಕ್ಯಾತನನ್ನು ನೋಡಿದವರು ಅವನನ್ನು ದೂರದಿಂದಲೇ ಗುರುತಿಸಬಹುದು. ಭಾವ ಭಾಷೆ ತಿಳಿಯದೆಯೇ ನಕ್ಕರು, ಅದೂ ಸರಿಯಾದ ಜಾಗದಲ್ಲಿ.

ಇನ್ನು ಕಲೋತ್ಸವ. 1979ರಲ್ಲಿ ಇದನ್ನು ಶುರುಮಾಡಿದ್ದು ಆಗಿನ ಗವರ್ನರ್ ಇದಾ ಬಾಗುಸ್ ಮಂತ್ರ. ಅವರು ಶಾಂತಿನಿಕೇತನದಲ್ಲಿ ಓದಿದವರು. 1927ರಲ್ಲಿ ರವೀಂದ್ರರು ಬಾಲಿಗೆ ಹೋಗಿದ್ದರು, ಆಮೇಲೆ ಬಾಲಿ ಇಲ್ಲಿಗೆ ಬಂದು ಹೋಯಿತು. ಉತ್ಸವದ ದೊಡ್ಡ ಬಯಲು ರಂಗದ ಹೆಸರು ಅರ್ಧ ಚಂದ್ರ. ಅಲ್ಲಿ ನಮಗೆ ಸಿಕ್ಕಿದ್ದು ಜೋಡಾಟ, ಅಕ್ಷರಶಃ ಜೋಡಾಟ. ಎರಡು ಜಿಲ್ಲೆಗಳ ಗಾಮೆಲಾನ್ ಮೇಳಗಳು ರಂಗದ ಎಡಕ್ಕೊಂದು ಬಲಕ್ಕೊಂದು ಕೂತು, ನೀನು ಬಾರಿಸು ನಾನು ಬಾರಿಸುತ್ತೇನೆ ಎಂದು ಸರದಿ ಪ್ರಕಾರ ಸವಾಲು ಹಾಕುತ್ತವೆ. ಕಂಚಿನ ಪಟ್ಟಿಗಳ ಮೇಲೆ ಸುತ್ತಿಗೆ ಬೀಳುವ ವೇಗ ಕಣ್ಣಿಗೆ ಹಿಡಿಯದು. ಆ ವಾದ್ಯಗಳು ಜೋಡಿಜೋಡಿ. ಜೋಡಿಯಲ್ಲಿ ಒಂದನ್ನು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಹೆಚ್ಚಿನ ಶ್ರುತಿಗೆ ಬೇಕೆಂದೇ ಇಟ್ಟಿರುತ್ತಾರೆ. ಎರಡೂ ಸೇರಿದಾಗ ನಾದ ನಿಲ್ಲದೆ ನಡುಗುತ್ತದೆ. ಶ್ರುತಿ ಸೇರಿಸಲೆಂದೇ ಅರ್ಧ ಗಂಟೆ ತೆಗೆದುಕೊಳ್ಳುವ ನಮ್ಮ ವಿದ್ವಾಂಸರು ಇದನ್ನು ಕೇಳಿದರೆ ಏನನ್ನುತ್ತಾರೋ! ಜನರೋ, ತಮ್ಮ ಜಿಲ್ಲೆಯವರು ಬಾರಿಸಿದರೆ ಎದ್ದು ಕೇಕೆ, ಎದುರಿನವರು ತಪ್ಪಿದರೆ ಇನ್ನೂ ದೊಡ್ಡ ಕೇಕೆ. ವಿದೇಶಿಗರು ಬೆರಳೆಣಿಕೆಯಷ್ಟು. ಅಜ್ಜಿಯರು, ಮೊಮ್ಮಕ್ಕಳು, ಬುಟ್ಟಿಯಲ್ಲಿ ಬೇಯಿಸಿದ ಕಡಲೆಕಾಯಿ. ಭಾವ ಒಂದು ಜಿಲ್ಲೆಯನ್ನು ಆರಿಸಿಕೊಂಡು, ಅದರ ಹೆಸರನ್ನು ತಪ್ಪಾಗಿ ಕೂಗುತ್ತಾ ಗಂಟಲು ಕೆಡಿಸಿಕೊಂಡರು. ಅವರ ಜಿಲ್ಲೆ ಗೆದ್ದಿತೆಂದು ಇಂದಿಗೂ ವಾದಿಸುತ್ತಾರೆ.

ಇಷ್ಟು ಸದ್ದು ಮಾಡುವ ದ್ವೀಪ ವರ್ಷಕ್ಕೊಂದು ದಿನ ಸಂಪೂರ್ಣ ಬಾಯಿ ಮುಚ್ಚುತ್ತದೆ. ಅದು ಅವರ ಶಕ ವರ್ಷದ ಹೊಸ ವರ್ಷ, ನ್ಯೆಪಿ. ಶಕ ನಮ್ಮದೇ, 2023ರಲ್ಲಿ ನಮ್ಮ ಯುಗಾದಿಯೂ ಅವರ ನ್ಯೆಪಿಯೂ ಮಾರ್ಚ್ 22ಕ್ಕೇ ಬಿದ್ದವು, ಮರುವರ್ಷ ಅಧಿಕ ಮಾಸದ ಲೆಕ್ಕ ಬೇರೆಯಾಗಿ ಒಂದು ತಿಂಗಳು ಹಿಂದೆಮುಂದೆ ಆಯಿತು. ಹಿಂದಿನ ಸಂಜೆ ಹುಡುಗರು ವಾರಗಟ್ಟಲೆ ಕೂತು ಕಟ್ಟಿದ ಭೂತಾಕಾರದ ಒಗೋಹ್-ಒಗೋಹ್‌ಗಳನ್ನು ಹೊತ್ತು ಬೀದಿ ಸುತ್ತುತ್ತಾರೆ. ಬೆಳಗಾದರೆ ಬೆಂಕಿ ಇಲ್ಲ, ಕೆಲಸ ಇಲ್ಲ, ಓಡಾಟ ಇಲ್ಲ, ಮೋಜು ಇಲ್ಲ. ವಿಮಾನ ನಿಲ್ದಾಣವೂ 24 ಗಂಟೆ ಮುಚ್ಚುತ್ತದೆ. 2018ರಿಂದ ಮೊಬೈಲ್ ಇಂಟರ್ನೆಟ್ಟೂ ಬಂದ್. ಒಬ್ಬಟ್ಟಿಲ್ಲದ ಯುಗಾದಿ ಎಂದು ಕೇಳಿ ಅಕ್ಕ ಆ ತಿಂಗಳಲ್ಲಿ ಬಾಲಿಗೆ ಬರುವುದನ್ನು ಖಡಾಖಂಡಿತ ನಿರಾಕರಿಸಿದ್ದಾಳೆ.

ನೀವು ಹೋಗುವುದಾದರೆ ಜೂನ್-ಜುಲೈಯಲ್ಲಿ ಹೋಗಿ. ಉಯ್ಯಾಲೆಯನ್ನು ಬೆಳಿಗ್ಗೆಯೇ ಮುಗಿಸಿಕೊಳ್ಳಿ. ಪೆಟ್ಟಿಗೆಯಲ್ಲಿ ಒಂದು ಪಂಚೆ ಇರಲಿ. ದೇವಸ್ಥಾನದಲ್ಲಿ ಪುರೋಹಿತರಿಗಿಂತ ಎತ್ತರದ ಜಾಗದಲ್ಲಿ ಕೂರಬೇಡಿ, ಪ್ರಾರ್ಥಿಸುವವರ ಮುಂದೆ ಕ್ಯಾಮರಾ ಹಿಡಿದು ಅಡ್ಡಾಡಬೇಡಿ. ಜೋಡಾಟವಿರುವ ರಾತ್ರಿ ಅರ್ಧ ಚಂದ್ರಕ್ಕೆ ಕತ್ತಲಾಗುವ ಮೊದಲೇ ಸೇರಿಕೊಳ್ಳಿ. ತಡವಾದರೆ ನಿಂತೇ ನೋಡಬೇಕಾಗುತ್ತದೆ.