ನಾಯಿ ಒಂದು, ವೈದ್ಯರು ಹಲವರು

ನಾಯಿ ಒಮ್ಮೆ ಮೈ ಕೆರೆದುಕೊಂಡರೆ ಸಾಕು, ಮನೆಮಂದಿಯೆಲ್ಲ ವೈದ್ಯರಾಗುತ್ತಾರೆ. ಅಜ್ಜಿಯ ತೀರ್ಪು ಬೇವು. ಸೋದರಮಾವನದು ಅರಿಸಿನ. ಪಕ್ಕದ ಮನೆಯವರದು ಬೆಳ್ಳುಳ್ಳಿ. ಅವರ ಮನೆಯಲ್ಲಿ ನಾಯಿಯೇ ಇಲ್ಲ.

ಬೇವಿನೆಲೆ ಕುದಿಸಿ ಆರಿಸಿದ ನೀರಿನ ಸ್ನಾನ ಕೆಟ್ಟದ್ದೇನಲ್ಲ. ಆದರೆ ಸ್ನಾನ ಯಾರಿಗೆ ಎಂಬುದು ಎರಡನೇ ಚೊಂಬಿನ ಹೊತ್ತಿಗೆ ಇತ್ಯರ್ಥವಾಗುತ್ತದೆ. ನಾಯಿ ಮೈ ಕೊಡವಿದರೆ ಅರ್ಧ ಕಷಾಯ ಗೋಡೆಗೆ, ಉಳಿದರ್ಧ ಯಜಮಾನರ ಪಂಚೆಗೆ. ಕೆರೆತ ಉಣ್ಣೆಯದಾದರೆ, ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆಯಿಡುವುದು ನಾಯಿಯ ಮೈಮೇಲಲ್ಲ, ಗೋಡೆ-ನೆಲದ ಬಿರುಕಿನಲ್ಲಿ. ಹಾಗಾಗಿ ಗೋಡೆಗೆ ಬಿದ್ದದ್ದೂ ದಂಡವಲ್ಲ ಎಂದು ಅಜ್ಜಿ ವಾದಿಸುತ್ತಾರೆ. ಪಾಪ, ಅಷ್ಟಕ್ಕೆಲ್ಲ ಜಗ್ಗುವ ಮೊಟ್ಟೆಗಳಲ್ಲ ಅವು. ಬಿರುಕು ಮುಚ್ಚಬೇಕು, ಹಾಸಿಗೆ ಬಿಸಿನೀರಿನಲ್ಲಿ ಒಗೆಯಬೇಕು. ಉಣ್ಣೆ ಜ್ವರ ಬಂದರಂತೂ ಪಶುವೈದ್ಯರೇ ಗತಿ.

ಅರಿಸಿನ ಬಳಿಸಿಕೊಂಡ ಬಿಳಿ ನಾಯಿ ಶಾಸ್ತ್ರ ಮುಗಿಸಿದ ಮದುಮಗನಂತೆ ಸೋಫಾ ಏರುತ್ತದೆ. ಗಾಯ ವಾಸಿಯಾದೀತು, ಸೋಫಾ ಆಗದು.

ಬೆಳ್ಳುಳ್ಳಿಯ ಮಾತಿಗೆ ಮಾತ್ರ ನಗಬಾರದು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಪಾಯಸದ ಒಣದ್ರಾಕ್ಷಿ ಮೂತ್ರಪಿಂಡಕ್ಕೇ ಕೈಹಾಕೀತು. ಹಣೆ ಮುಟ್ಟಿ 'ಅಯ್ಯೋ, ಜ್ವರ!' ಎಂದು ಪ್ಯಾರಾಸಿಟಮಾಲ್ ಹುಡುಕುವವರಿಗೂ ಒಂದು ಮಾತು: ನಾಯಿಯ ಮೈ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ, ಆ ಮಾತ್ರೆ ಅದಕ್ಕೆ ವಿಷವಾಗಬಹುದು.

ಹೊಟ್ಟೆ ತುಸು ಕೆಟ್ಟ ದಿನ ಉಪ್ಪು-ಒಗ್ಗರಣೆಯಿಲ್ಲದ ಬೇಯಿಸಿದ ಸಿಹಿಗುಂಬಳ, ಮೆತ್ತಗಿನ ಅನ್ನ ಸಾಕು. ಮನೆಯವರಿಗೆ ಅದೇ ಕುಂಬಳದ ಹುಳಿ. ರೋಗಿಯ ಕಣ್ಣೆಲ್ಲ ಹುಳಿಯ ಪಾತ್ರೆಯ ಮೇಲೆ.