ಕಾಂಡೋರ್ ಮೂಲದ ಮಾಗಳವಾದ: ಒಂದು ಮುಯ್ಯಾಳು ಮೀಮಾಂಸೆ

ಯುನಿಕ್ಸ್ ಮತ್ತು ಲಿನಕ್ಸ್ ಯಂತ್ರಗಳ ಗುಂಪಿಗೆ ಲೆಕ್ಕದ ಕೆಲಸಗಳನ್ನು ಹಂಚಿಕೊಡುವ ಎಚ್‌ಟಿಕಾಂಡೋರ್ ಎಂಬ ತಂತ್ರಾಂಶ ಎಲ್ಲಿ ಹುಟ್ಟಿತೆಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿಲ್ಲ. ಭಿನ್ನಾಭಿಪ್ರಾಯವಿಲ್ಲದ ಕಡೆ ಸಂಶೋಧನೆ ಬೆಳೆಯುವುದಿಲ್ಲ. ಆದ್ದರಿಂದ ಅದನ್ನು ಹುಟ್ಟುಹಾಕುವುದೇ ಪ್ರಸ್ತುತ ಪ್ರಬಂಧದ ಮೊದಲ ಗುರಿ. ತಂತ್ರಾಂಶವನ್ನು ಸ್ಥಾಪಿಸುವ ಕ್ರಮವನ್ನು ತಿಳಿಸುವುದು ಎರಡನೆಯ ಗುರಿ. ಪುಟ ಉಳಿದರೆ ಅದನ್ನೂ ನೋಡೋಣ.

ಪೂರ್ವಪಕ್ಷ

ಮ್ಯಾಡಿಸನ್ ಪಂಥದವರ ವಾದ ಹೀಗಿದೆ. ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಮಿರಾನ್ ಲಿವ್ನಿ ಮತ್ತು ಸಂಗಡಿಗರು ಒಂದು ಸಂಗತಿಯನ್ನು ಕಂಡರು. ಮೇಜಿನ ಮೇಲಿನ ಯುನಿಕ್ಸ್ ಯಂತ್ರಗಳು ದಿನದ ಬಹುಪಾಲು ಹೊತ್ತು ಸುಮ್ಮನೆ ಕೂತಿರುತ್ತವೆ. ಪಕ್ಕದ ಕೋಣೆಯವನ ಲೆಕ್ಕ ಮಾತ್ರ ವಾರವಾದರೂ ಮುಗಿಯುವುದಿಲ್ಲ. ಒಬ್ಬರ ಬಿಡುವನ್ನು ಇನ್ನೊಬ್ಬರ ದುಡಿಮೆಗೆ ತಾಳೆ ಹಾಕಬಾರದೇಕೆ? 1988ರಲ್ಲಿ ಲಿಟ್ಜ್‌ಕೋ, ಲಿವ್ನಿ, ಮುಟ್ಕಾ ಮೂವರೂ ಸೇರಿ ಕಾಂಡೋರನ್ನು ‘ಖಾಲಿ ಯಂತ್ರಗಳ ಬೇಟೆಗಾರ’ ಎಂದು ಕರೆದು ಪ್ರಬಂಧ ಪ್ರಕಟಿಸಿದರು. 2012ರಲ್ಲಿ ಟ್ರೇಡ್‌ಮಾರ್ಕ್ ತಕರಾರಿನಿಂದಾಗಿ ಹೆಸರಿನ ಮುಂದೆ ‘ಎಚ್‌ಟಿ’ ಸೇರಿಕೊಂಡಿತು. 2015ರ ಸೆಪ್ಟೆಂಬರ್ 14ರಂದು ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದ ಎರಡು ಕಪ್ಪುಕುಳಿಗಳ ಡಿಕ್ಕಿಯನ್ನು ಹಿಡಿದ ಲೈಗೊ ವೀಕ್ಷಣಾಲಯದ ವಿಜ್ಞಾನಿಗಳ ಲೆಕ್ಕಗಳೂ ಕಾಂಡೋರ್ ಸರದಿಯಲ್ಲಿ ನಿಂತೇ ಮುಂದೆ ಸಾಗಿದವು.

ಇದೆಲ್ಲ ನಿಜವೇ. ನಿಜವೆಂಬ ಒಂದೇ ಕಾರಣಕ್ಕೆ ಸಂಶೋಧಕನು ಸುಮ್ಮನಾಗತಕ್ಕದ್ದಲ್ಲ.

ಸಿದ್ಧಾಂತ

ಮಾಗಳ ಪಂಥದ (ಸದ್ಯಕ್ಕೆ ಸದಸ್ಯರು: ಪ್ರಸ್ತುತ ಲೇಖಕ) ನಿಲುವೆಂದರೆ, ಕಾಂಡೋರ್ ಹುಟ್ಟಿದ್ದು ಹೂವಿನಹಡಗಲಿ ತಾಲ್ಲೂಕಿನ ಮಾಗಳದ ಆಸುಪಾಸಿನಲ್ಲಿ. ಮೊದಲ ಪ್ರಮಾಣ ಭೌಗೋಳಿಕ. ಮ್ಯಾಡಿಸನ್ ನಗರ ಮೆಂಡೋಟಾ, ಮೊನೋನಾ ಎಂಬ ಎರಡು ಕೆರೆಗಳ ನಡುವೆ ಇದೆ. ಮಾಗಳ ತುಂಗಭದ್ರೆಯ ದಂಡೆಯಲ್ಲಿದೆ. ನೀರಿನ ಪಕ್ಕ ಎರಡೂ ಊರುಗಳಿದ್ದ ಮೇಲೆ ವಿಚಾರ ಹರಿದು ಹೋಗಿರಲೇಬೇಕು. ಎರಡನೆಯ ಪ್ರಮಾಣ ಶಾಸನದ್ದು. ಮಾಗಳದಲ್ಲಾಗಲಿ, ಕುರುವತ್ತಿಯಲ್ಲಾಗಲಿ, ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ ಗುಡಿಯಲ್ಲಾಗಲಿ ಕಾಂಡೋರ್ ಸ್ಥಾಪನೆಯ ಕೈಪಿಡಿ ಇರುವ ಒಂದು ಕಲ್ಲೂ ಸಿಕ್ಕಿಲ್ಲ. ತಂತ್ರಾಂಶ ಬರೆದವರು ದಾಖಲೆ ಬರೆದಿಡುವುದಿಲ್ಲ ಎಂಬ ಲೋಕಾನುಭವವನ್ನು ಇದರ ಜೊತೆಗಿಟ್ಟು ನೋಡಿದರೆ, ಬರೆದವರು ಇಲ್ಲಿಯವರೇ ಎಂಬುದು ಸ್ಪಷ್ಟವಾಗುತ್ತದೆ. ಹರಪನಹಳ್ಳಿಯು ಹಾಸ್ಯಸಾಹಿತಿ ಬೀಚಿಯವರು 1913ರಲ್ಲಿ ಹುಟ್ಟಿದ ಊರು ಎಂಬುದನ್ನೂ ಇಲ್ಲಿಯೇ ನೆನಪಿಸುತ್ತೇವೆ. ಈ ಸೀಮೆಯ ಪಾಂಡಿತ್ಯವನ್ನು ಯಾರಾದರೂ ಗಂಭೀರವಾಗಿ ತೆಗೆದುಕೊಂಡರೆ ಹೊಣೆ ಅವರದೇ.

ಮೂರನೆಯದು ನಿರ್ಣಾಯಕ ಪ್ರಮಾಣ: ಮುಯ್ಯಾಳು, ಅಂದರೆ ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎಂಬ ದುಡಿಮೆಯ ಕೊಡುಕೊಳೆ.

ಹದ ಬಿದ್ದಿದೆ, ಶೇಂಗಾ ಬಿತ್ತಬೇಕು, ಮನೆಯಲ್ಲಿ ಒಂದೇ ಎತ್ತು. ಆ ಮನೆಯವ ಬೆಳಿಗ್ಗೆ ಎದ್ದು ನಾಲ್ಕು ಮನೆ ತಿರುಗುತ್ತಾನೆ.

“ಮಾವ, ನಾಳಿಗೆ ನಿಮ್ಮ ಎತ್ತು ಖಾಲಿ ಅದಾವೇನು?”

“ಅದಾವಪಾ. ಆದ್ರ ಮಸಾರಿ ಹೊಲಕ್ಕಷ್ಟ. ಎರಿ ಹೊಲಕ್ಕ ಹೂಡಾಕ ಕೊಡಂಗಿಲ್ಲ ನೋಡು.”

“ನಂದು ಮಸಾರಿನ ಐತಿ ಮಾವ. ಕೂರಿಗಿ ಎಳಿಯೋ ಜೋಡಿ ಆಗಬೇಕು, ಹೋರಿಗರ ಬ್ಯಾಡ.”

ಕಾಂಡೋರಿನ ಹೃದಯವಾದ ‘ಕ್ಲಾಸ್‌ಆ್ಯಡ್’ ಎಂದರೆ ಈ ಮೂರು ಸಾಲು, ಅಷ್ಟೇ. ಪ್ರತಿಯೊಂದು ಯಂತ್ರವೂ ತನ್ನ ಬಗ್ಗೆ ಜಾಹೀರಾತು ಹೊರಡಿಸುತ್ತದೆ: ನನ್ನಲ್ಲಿ ಇಷ್ಟು ಮೆಮೊರಿ, ಇಷ್ಟು ಕೋರ್, ಇಂಥವರ ಕೆಲಸ ಮಾತ್ರ ಮಾಡುತ್ತೇನೆ. ಪ್ರತಿಯೊಂದು ಕೆಲಸವೂ ಜಾಹೀರಾತು ಹೊರಡಿಸುತ್ತದೆ: ನನಗೆ ಇಷ್ಟು ಮೆಮೊರಿ ಬೇಕು, ಇಂಥ ಯಂತ್ರವಾದರೆ ಒಳ್ಳೆಯದು. ಕಡ್ಡಾಯದ ಷರತ್ತಿಗೆ ‘ರಿಕ್ವೈರ್‌ಮೆಂಟ್ಸ್’, ಮನಸ್ಸಿನ ಒಲವಿಗೆ ‘ರ‍್ಯಾಂಕ್’ ಎಂದು ಹೆಸರು. ಎರಡೂ ಕಡೆಯ ಷರತ್ತು ಒಪ್ಪಿದರೆ ಮಾತ್ರ ಜೋಡಿ. ಹೊಲದವನ ಮರ್ಜಿಯನ್ನು ಮಾತ್ರ ಕೇಳುವ ಪದ್ಧತಿಗಳು ಬೇಕಾದಷ್ಟಿವೆ. ಎತ್ತಿನವನ ಮರ್ಜಿಯನ್ನೂ ಅದೇ ತೂಕದಲ್ಲಿ ಕೇಳುವುದು ಈ ತಂತ್ರಾಂಶದ ಹೆಚ್ಚುಗಾರಿಕೆ.

ಊರಿನಲ್ಲಿ ಯಾರ ಎತ್ತು ಖಾಲಿ ಎಂಬುದು ಅಗಸೆ ಕಟ್ಟೆಯ ಮೇಲೆ ಕೂತ ಹಿರಿಯನೊಬ್ಬನಿಗೆ ಗೊತ್ತಿರುತ್ತದೆ. ಸುದ್ದಿ ಕೂಡಿಹಾಕುವುದು ಅವನ ಒಂದು ಕೆಲಸ, ಜೋಡಿ ಹೇಳುವುದು ಇನ್ನೊಂದು. ಕಾಂಡೋರ್ ಈ ಕೆಲಸಗಳನ್ನು ಇಬ್ಬರಿಗೆ ಹಂಚಿದೆ: ಜಾಹೀರಾತುಗಳನ್ನು ಸಂಗ್ರಹಿಸುವವನು ‘ಕಲೆಕ್ಟರ್’, ಜೋಡಿ ಹುಡುಕುವವನು ‘ನೆಗೋಶಿಯೇಟರ್’. ಎತ್ತಿನ ಮನೆಯ ಪರವಾಗಿ ಮಾತಾಡುವವನು ‘ಸ್ಟಾರ್ಟ್‌ಡಿ’, ಹೊಲದ ಮನೆಯ ಪರವಾಗಿ ಸರದಿ ಕಾಯುವವನು ‘ಸ್ಕೆಡ್‌ಡಿ’. ಇವರೆಲ್ಲರನ್ನೂ ಎಬ್ಬಿಸಿ, ಯಾರಾದರೂ ಸತ್ತರೆ ಮತ್ತೆ ಹುಟ್ಟಿಸುವವನು ‘ಮಾಸ್ಟರ್’. ಜೋಡಿ ಗೊತ್ತಾದ ಮೇಲೆ ಕಟ್ಟೆಯ ಹಿರಿಯ ಪಕ್ಕಕ್ಕೆ ಸರಿಯುತ್ತಾನೆ. ಎತ್ತಿನವನೂ ಹೊಲದವನೂ ನೇರವಾಗಿ ಮಾತಾಡಿಕೊಳ್ಳುತ್ತಾರೆ. ಕಾಂಡೋರಿನಲ್ಲೂ ಹಾಗೆಯೇ. ನಡುವಿನವನು ಕೊನೆಯವರೆಗೂ ನಡುವೆಯೇ ನಿಂತು ಕಮಿಷನ್ ಕೇಳುವ ಪದ್ಧತಿ ಎಪಿಎಂಸಿಯಿಂದ ಬಂದದ್ದು, ಅದು ಪ್ರಕ್ಷಿಪ್ತ.

ಈ ಸಾಮ್ಯ ಒಂದೇ ಒಂದು ಕಡೆ ಮುರಿದು ಬೀಳುತ್ತದೆ. ಪ್ರಾಮಾಣಿಕ ಸಂಶೋಧಕನು ಅದನ್ನು ಮುಚ್ಚಿಡಲಾರ. ಕಾಂಡೋರ್ ಯಾರು ಎಷ್ಟು ಯಂತ್ರ ಬಳಸಿದರೆಂದು ಲೆಕ್ಕವಿಟ್ಟು ಆದ್ಯತೆಯ ಅಂಕ ಕೊಡುತ್ತದೆ. ಅಂಕ ಕಡಿಮೆಯಾದಷ್ಟೂ ಆದ್ಯತೆ ಹೆಚ್ಚು, ಯಾರಿಗೂ 0.5ಕ್ಕಿಂತ ಕೆಳಗಿಳಿಯುವುದಿಲ್ಲ. ಹೆಚ್ಚು ಬಳಸಿದವನ ಅಂಕ ಏರುತ್ತದೆ, ಸುಮ್ಮನಿದ್ದರೆ ಇಳಿಯುತ್ತದೆ. ಇಳಿಯುವ ಅರ್ಧಾಯುಷ್ಯ ಸಾಮಾನ್ಯವಾಗಿ 86,400 ಸೆಕೆಂಡು, ಅಂದರೆ ಒಂದು ದಿನ. ನೀವು ನಿನ್ನೆ ಊರಿನ ಎತ್ತುಗಳನ್ನೆಲ್ಲ ಹೂಡಿಕೊಂಡ ಪಾಪ ಇವತ್ತಿಗೆ ಅರ್ಧವಾಗುತ್ತದೆ, ನಾಳೆಗೆ ಕಾಲು. ನಮ್ಮ ಸೀಮೆಯ ಮುಯ್ಯಿಗೆ ಅರ್ಧಾಯುಷ್ಯ ಎಂಬುದಿಲ್ಲ. ಅಜ್ಜನ ಕಾಲದಲ್ಲಿ ಎಡೆ ಹೊಡೆಯಲು ಬಾರದವನ ಮೊಮ್ಮಗನ ಮದುವೆಗೆ ಇಂದಿಗೂ ಹೋಗದ ಮನೆಗಳಿವೆ. ಮ್ಯಾಡಿಸನ್ನಿನವರು ಮೂಲದಿಂದ ನಕಲು ಮಾಡುವಾಗ ಈ ಪಾಠವನ್ನು ಬಿಟ್ಟಿದ್ದಾರೆ.

ಸ್ಥಾಪನಾ ವಿಧಿ

ಪುಟ ಉಳಿದಿರುವುದರಿಂದ ಇದನ್ನೂ ಹೇಳುತ್ತೇವೆ. ಯಂತ್ರಗಳಿಗೆ ಮೂರು ಪಾತ್ರ: ಕಟ್ಟೆ (ಅಂದರೆ ಸೆಂಟ್ರಲ್ ಮ್ಯಾನೇಜರ್), ಕೆಲಸ ಒಪ್ಪಿಸುವ ಯಂತ್ರ, ದುಡಿಯುವ ಯಂತ್ರ. ಕಲಿಯುವವರು ಒಂದೇ ಯಂತ್ರದ ಮೇಲೆ ಮೂರನ್ನೂ ಹೂಡಬಹುದು. ಯೋಜನೆಯವರೇ ಕೊಡುವ ಅನುಸ್ಥಾಪಕವೊಂದಿದೆ. ಒಂದು ಸಾಲಿನ ಆಜ್ಞೆ ಸಾಕು. ಆದರೆ ಅದು ಮೊದಲ ಸಲ ಏನನ್ನೂ ಮಾಡುವುದಿಲ್ಲ. ಏನೇನು ಮಾಡಲಿದ್ದೇನೆ ಎಂದು ಪರದೆಯ ಮೇಲೆ ಉದ್ದಕ್ಕೂ ಓದಿ ಹೇಳಿ ಕೈಮುಗಿಯುತ್ತದೆ. ನಿಜವಾಗಿ ಮಾಡು ಎಂಬರ್ಥದ ‘ನೋ ಡ್ರೈ ರನ್’ ಎಂಬ ಮಾತನ್ನು ಸೇರಿಸಿದರೆ ಮಾತ್ರ ಕೆಲಸಕ್ಕಿಳಿಯುತ್ತದೆ. ಇದನ್ನು ಗ್ರಾಮಸಭೆಯ ನಡಾವಳಿಯ ಪ್ರಭಾವವೆಂದು ಹೇಳುವವರಿದ್ದಾರೆ. ಪ್ರಸ್ತುತ ಲೇಖಕ ಆ ವಿವಾದಕ್ಕೆ ಇಳಿಯುವುದಿಲ್ಲ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಕಾಲೇಜಿನ ಪ್ರಯೋಗಾಲಯದಲ್ಲಿ ಒಂದೇ ಪ್ರತಿಯಿಂದ ನಲವತ್ತು ಯಂತ್ರಗಳಿಗೆ ಲಿನಕ್ಸ್ ಇಳಿಸಿದರೆ ಎಲ್ಲದರ ಹೆಸರೂ ಒಂದೇ, ಎಷ್ಟೋ ಸಲ ‘ಲೋಕಲ್‌ಹೋಸ್ಟ್’ ಆಗಿರುತ್ತದೆ. ಕೊಟ್ಟೂರಿನ ಶಾಲೆಯಲ್ಲಿ “ಕೊಟ್ರೇಶಾ” ಎಂದು ಕೂಗಿದರೆ ಅರ್ಧ ತರಗತಿ ಎದ್ದು ನಿಲ್ಲುತ್ತದೆ. ಅಲ್ಲಿ ಮೇಷ್ಟ್ರು ಅಪ್ಪನ ಹೆಸರು ಸೇರಿಸಿ ಕರೆದು ಪಾರಾಗುತ್ತಾರೆ. ಕಲೆಕ್ಟರಿಗೆ ಆ ಜಾಣ್ಮೆ ಇಲ್ಲ. ಪ್ರತಿ ಯಂತ್ರಕ್ಕೂ ಬೇರೆ ಹೆಸರಿಡಿ, ಹೆಸರಿನಿಂದ ವಿಳಾಸ, ವಿಳಾಸದಿಂದ ಹೆಸರು ಎರಡೂ ದಾರಿಯಲ್ಲಿ ಸಿಗುವಂತೆ ಮಾಡಿ, ಗಡಿಯಾರಗಳನ್ನು ಒಂದೇ ಸಮಯಕ್ಕೆ ಹೊಂದಿಸಿ. ಫೈರ್‌ವಾಲಿನಲ್ಲಿ 9618ನೆಯ ಪೋರ್ಟನ್ನು ತೆರೆದಿಡಿ. ಕಟ್ಟೆ ಯಾವುದೆಂಬುದನ್ನು ‘ಕಾಂಡೋರ್ ಹೋಸ್ಟ್’ ಎಂಬ ಸಾಲಿನಲ್ಲಿ ಬರೆಯಿರಿ. ಈ ಸಾಲನ್ನು ಬದಲಿಸಿದರೆ ಯಂತ್ರ ಕೂತಲ್ಲೇ ಕೂತು ಬೇರೆ ಕೂಟಕ್ಕೆ ಸೇರುತ್ತದೆ. ಇದು ಸಾಧ್ಯವೇ ಎಂದು ಅನುಮಾನಿಸುವವರು ಹರಪನಹಳ್ಳಿಯನ್ನು ನೋಡಲಿ: ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಊರು ಒಂದು ಗೇಣೂ ಅಲುಗಲಿಲ್ಲ.

ಇನ್ನು ಸಂರಚನಾ ಕಡತ. ಇದನ್ನು ಕಂಪ್ಯೂಟರ್ ಎಂಜಿನಿಯರುಗಳು ಓದುವುದೇ ತಪ್ಪು, ಓದಬೇಕಾದವರು ಶಾಸನತಜ್ಞರು. ಮೂಲ ಕಡತವೊಂದಿರುತ್ತದೆ, ಅದನ್ನು ತಿದ್ದಬಾರದು, ನಿಮ್ಮ ಬದಲಾವಣೆಗಳನ್ನು ಪಕ್ಕದ ‘ಕಾನ್ಫಿಗ್ ಡಾಟ್ ಡಿ’ ಕೋಶದಲ್ಲಿ ಬೇರೆ ಕಡತವಾಗಿ ಇಡಬೇಕು ಎಂಬುದು ಸಂಪ್ರದಾಯ. ನಮ್ಮ ದಾನಶಾಸನಗಳ ಕೊನೆಯಲ್ಲಿ, ಈ ದತ್ತಿಯನ್ನು ಅಳಿದವನು ಅರವತ್ತು ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪಾಶಯ ಬರುತ್ತದಲ್ಲ, ಅದರ ಸೌಮ್ಯ ರೂಪ ಇದು. ಮೂಲವನ್ನು ತಿದ್ದಿದವನು ಮುಂದಿನ ಆವೃತ್ತಿ ಇಳಿಸಿದ ರಾತ್ರಿ ಎಚ್ಚರವಿರಬೇಕಾಗುತ್ತದೆ. ಹುಳುವಿನ ಜನ್ಮ ಅದಕ್ಕಿಂತ ವಾಸಿಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ಪಕ್ಕದ ಕೋಶದ ಕಡತಗಳನ್ನು ಹೆಸರಿನ ಅಕ್ಷರಾನುಕ್ರಮದಲ್ಲಿ ಓದಲಾಗುತ್ತದೆ; ಒಂದೇ ವಿಷಯ ಎರಡು ಕಡೆ ಬಂದರೆ ಕೊನೆಗೆ ಬಂದದ್ದೇ ಊರ್ಜಿತ. ಆದ್ದರಿಂದ ಕಡತಗಳಿಗೆ 00, 10, 50 ಎಂದು ಮುಂಗುರುತು ಹಾಕುತ್ತಾರೆ. ಯಾರೋ ಒಬ್ಬ ಮಹನೀಯ ತನ್ನ ಮಾತೇ ನಡೆಯಲೆಂದು 99 ಎಂದು ಹಾಕುತ್ತಾನೆ. ಮುಂದಿನ ವರ್ಷ ಅವನ ಜಾಗಕ್ಕೆ ಬಂದವನು 99ರ ಮುಂದೆ ‘ಝಡ್’ ಸೇರಿಸುತ್ತಾನೆ. ಇಂಥ ಕೋಶವೊಂದನ್ನು ಅಗೆದು ನೋಡಿದರೆ ಆ ವಿಭಾಗದ ಮುಖ್ಯಸ್ಥರ ವಂಶಾವಳಿ ಸಂಪೂರ್ಣವಾಗಿ ಸಿಗುತ್ತದೆ.

ತರ್ಕದ ವಿಷಯದಲ್ಲಿ ಕ್ಲಾಸ್‌ಆ್ಯಡ್ ಪಶ್ಚಿಮದ ಹೌದು–ಅಲ್ಲಗಳಿಗೆ ನಿಲ್ಲುವುದಿಲ್ಲ. ಹೌದು, ಅಲ್ಲ, ಅನಿಶ್ಚಿತ, ದೋಷ ಎಂದು ನಾಲ್ಕು ಉತ್ತರಗಳಿವೆ. ನೀವು ಕೇಳಿದ ಗುಣದ ಹೆಸರೇ ಯಂತ್ರದ ಜಾಹೀರಾತಿನಲ್ಲಿ ಇಲ್ಲದಿದ್ದರೆ ಉತ್ತರ ‘ಅನಿಶ್ಚಿತ’. ಅಂಥ ಷರತ್ತಿಗೆ ಜೋಡಿ ಸಿಗದೆ ಕೆಲಸ ಸರದಿಯಲ್ಲೇ ಕೊಳೆಯುತ್ತದೆ. ಜೈನರ ಸಪ್ತಭಂಗಿಯಲ್ಲಿ ಏಳು ಬಗೆ ಇವೆ. ಮ್ಯಾಡಿಸನ್ ಇನ್ನೂ ಮೂರು ಹೆಜ್ಜೆ ಹಿಂದಿದೆ.

ಅತ್ಯಂತ ಸೂಕ್ಷ್ಮವಾದ ಪ್ರಕರಣವೆಂದರೆ ಒಡೆಯನು ಮರಳಿ ಬರುವುದು. ಮೇಜಿನ ಯಂತ್ರಗಳಿಗೆಂದೇ ‘ಡೆಸ್ಕ್‌ಟಾಪ್’ ಎಂಬ ನೀತಿ ಸಿದ್ಧವಾಗಿದೆ. ಅದನ್ನು ನೀವೇ ಆಯ್ದು ಬರೆಯಬೇಕು. ಕೀಲಿಮಣೆಯನ್ನು 15 ನಿಮಿಷ ಯಾರೂ ಮುಟ್ಟದೆ, ಯಂತ್ರಕ್ಕೆ ಬೇರೆ ಹೊರೆಯೂ ಇಲ್ಲದಿದ್ದರೆ ಹೊರಗಿನ ಕೆಲಸ ಒಳಗೆ ಬರುತ್ತದೆ. ಒಡೆಯನ ಬೆರಳು ತಾಗಿದೊಡನೆ ಕೆಲಸ ಉಸಿರು ಹಿಡಿದು ನಿಲ್ಲುತ್ತದೆ. ಅವನು ಎದ್ದು ಹೋಗುವ ಲಕ್ಷಣ ಕಾಣದಿದ್ದರೆ ಗಂಟುಮೂಟೆ ಕಟ್ಟಿ ಸರದಿಗೆ ಹಿಂದಿರುಗುತ್ತದೆ. ಈ ನಿಯಮವಿಲ್ಲದಿದ್ದರೆ ಯಾವ ಪ್ರಾಧ್ಯಾಪಕರೂ ತಮ್ಮ ಯಂತ್ರವನ್ನು ಕೊಡುತ್ತಿರಲಿಲ್ಲ, ಯಾವ ಮಾವನೂ ಎತ್ತು ಕೊಡುತ್ತಿರಲಿಲ್ಲ. ಕೊಟ್ಟದ್ದನ್ನು ಕೇಳಿದ ಕ್ಷಣ ಹಿಂದಕ್ಕೆ ಪಡೆಯಬಹುದೆಂಬ ಧೈರ್ಯವೇ ಕೊಡುವ ಕೈಗೆ ಬಲ. (ಈ ವಾಕ್ಯ ಅಣಕವಲ್ಲ, ತಪ್ಪಿ ಗಂಭೀರವಾಗಿದೆ, ಮನ್ನಿಸಬೇಕು.) ಹಳೆಯ ಆವೃತ್ತಿಗಳಲ್ಲಿ ‘ಸ್ಟ್ಯಾಂಡರ್ಡ್ ಯೂನಿವರ್ಸ್’ ಎಂಬ ವ್ಯವಸ್ಥೆಯಿತ್ತು; ಅರ್ಧಕ್ಕೆ ನಿಂತ ಕೆಲಸ ನಿಂತ ಜಾಗದಿಂದಲೇ ಬೇರೆ ಯಂತ್ರದಲ್ಲಿ ಮುಂದುವರಿಯುತ್ತಿತ್ತು. ಈಗ ಅದನ್ನು ಕೈಬಿಟ್ಟಿದ್ದಾರೆ. ನಿಮ್ಮ ಪ್ರೋಗ್ರಾಮು ತಾನೇ ನೆನಪಿಟ್ಟುಕೊಳ್ಳದಿದ್ದರೆ ಮೊದಲ ಸಾಲಿನಿಂದ ಮತ್ತೆ ಉಳಬೇಕು.

ಕೆಲಸ ಒಪ್ಪಿಸಿದ ಮೇಲೆ ‘ಕಾಂಡೋರ್ ಕ್ಯೂ’ ಎಂದು ಕೇಳಿದರೆ ಯಾವುದು ಕಾಯುತ್ತಿದೆ, ಯಾವುದು ಓಡುತ್ತಿದೆ, ಯಾವುದು ತಡೆಗೆ ಬಿದ್ದಿದೆ ಎಂದು ತಿಳಿಯುತ್ತದೆ. ತಡೆಗೆ ಬಿದ್ದದ್ದಕ್ಕೆ ಒಂದೇ ಸಾಲಿನ ಕಾರಣ ಸಿಗುತ್ತದೆ, ಮೈಲಾರದ ಕಾರಣಿಕದಂತೆ. ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರಿ “ಸದ್ದಲೇ” ಎಂದಾಗ ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನುಡಿಯೊಂದನ್ನು ಕೇಳುತ್ತಾರೆ. ಆಮೇಲೆ ಮಳೆಯ ಬಗ್ಗೆಯೋ, ಬೆಳೆಯ ಬಗ್ಗೆಯೋ, ರಾಜಕಾರಣದ ಬಗ್ಗೆಯೋ ಎಂದು ವರ್ಷಪೂರ್ತಿ ಅರ್ಥ ಹೇಳುತ್ತಾರೆ. ಆ ನುಡಿಗೆ ಸಾವಿರ ವ್ಯಾಖ್ಯಾನಕಾರರಿದ್ದಾರೆ. ತಡೆಯ ಕಾರಣಕ್ಕೆ ನೀವೊಬ್ಬರೇ. ಬಹಳ ಸಲ ಅದರ ಅರ್ಥ, ನಿಮ್ಮ ಕಡತಕ್ಕೆ ಓಡಿಸುವ ಅನುಮತಿ ಕೊಟ್ಟಿಲ್ಲ ಎಂಬುದಷ್ಟೇ. ಜೋಡಿಯೇ ಸಿಗದೆ ಕಾಯುತ್ತಿದ್ದರೆ ‘ಬೆಟರ್ ಅನಲೈಜ್’ ಎಂಬ ಆಯ್ಕೆಯನ್ನು ಸೇರಿಸಿ ಕೇಳಿ. ನಿಮ್ಮ ಯಾವ ಷರತ್ತಿಗೆ ಎಷ್ಟು ಯಂತ್ರಗಳು ಒಪ್ಪಿದವೆಂದು ಬಿಡಿಸಿ ಹೇಳುತ್ತದೆ. ವಧೂವರಾನ್ವೇಷಣೆಯ ಕೇಂದ್ರಗಳು ಇದನ್ನು ಅಳವಡಿಸಿಕೊಳ್ಳಲು ಅಡ್ಡಿಯಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಕಾಲೇಜುಗಳ ಪ್ರಾಂಶುಪಾಲರಲ್ಲಿ ಒಂದು ಅರಿಕೆ. ಸಂಜೆ ಪ್ರಯೋಗಾಲಯಕ್ಕೆ ಬೀಗ ಬಿದ್ದ ಮೇಲೆ ಒಳಗಿನ ಯಂತ್ರಗಳು ಬೆಳಗಿನವರೆಗೂ ಖಾಲಿ. ಮಳೆ, ಅಂತರ್ಜಲ, ಮಣ್ಣಿನ ಲೆಕ್ಕ ಹಿಡಿದು ಕೂತ ವಿದ್ಯಾರ್ಥಿಗಳು ನಿಮ್ಮಲ್ಲೇ ಇದ್ದಾರು, ವಿಚಾರಿಸಿ. ಎಚ್‌ಟಿಕಾಂಡೋರ್ ಅಪಾಚೆ 2.0 ಪರವಾನಗಿಯಡಿ ಉಚಿತವಾಗಿ ಸಿಗುತ್ತದೆ. ರಾತ್ರಿಯ ಕರೆಂಟ್ ಬಿಲ್ಲನ್ನು ಯಾರು ಕಟ್ಟಬೇಕೆಂಬುದನ್ನು ಮಾತ್ರ ಆಡಳಿತ ಮಂಡಳಿಯೇ ತೀರ್ಮಾನಿಸಬೇಕು.